ಗೇರಿನ ದೇವಿ

ಪರರ ಬಂಗಾರ ಕಂಡು ಹೊಟ್ಟೆಕಿಚ್ಚು ಪಟ್ಟವರನ್ನು ನೀವು ನೋಡಿರುತ್ತೀರಿ. ಪರರ ಸೀರೆ, ಪರರ ಸೊಸೆ, ಪರರ ಹಿತ್ತಿಲಿನ ಹಲಸಿನ ಮರ, ಇವುಗಳ ಮೇಲೆ ಕಿಚ್ಚು ಪಡುವುದು ಲೋಕರೂಢಿ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಪರರ ಜ್ವರದ ಮೇಲೆ ಹೊಟ್ಟೆಕಿಚ್ಚು ಪಟ್ಟವರನ್ನು ನೋಡಿದ್ದೀರಾ? ಪರರ ತೋಳಿನ ಮೇಲೆ ಎದ್ದ ನಾಲ್ಕು ಕೀವಿನ ಗುಳ್ಳೆಗಳನ್ನು ಕಂಡು, ‘ಅಯ್ಯೋ, ಇವು ನನಗೆ ಬರಬಾರದಿತ್ತೇ’ ಎಂದು ಬಾಯಿ ಬಾಯಿ ಬಡಿದುಕೊಂಡವರನ್ನು? ನೋಡಿಲ್ಲವಾದರೆ ಈಗ ಓದುತ್ತಿದ್ದೀರಿ. ಅವಳು ನಾನೇ.

ಗುಳ್ಳೆಗಳ ಒಡತಿ ಸುಮಿತ್ರೆ. ನನ್ನ ದೊಡ್ಡಪ್ಪನ ಮಗಳು. ನನಗಿಂತ ಹನ್ನೊಂದು ದಿನ ದೊಡ್ಡವಳು. ಆ ಹನ್ನೊಂದು ದಿನಗಳನ್ನು ಅವಳು ಹನ್ನೊಂದು ವರ್ಷಗಳ ಹಾಗೆ ಉಪಯೋಗಿಸಿಕೊಂಡಳು. ಶಿರಾಲಿಯಲ್ಲಿ ನಮ್ಮದು ಒಂದೇ ಮನೆ, ಒಂದೇ ಜಗಲಿ, ಇಬ್ಬರಿಗೂ ಒಬ್ಬಳೇ ಅಜ್ಜಿ. ಮಾವಿನಹಣ್ಣು ಹಂಚುವಾಗ ದೊಡ್ಡದು ‘ದೊಡ್ಡವಳಿಗೆ’ ಹೋಗುತ್ತಿತ್ತು. ಹೊಸ ಬಟ್ಟೆಯಲ್ಲಿ ಆರಿಸುವ ಹಕ್ಕು ಮೊದಲು ಅವಳದ್ದು, ಆರಿಸಿ ಉಳಿದದ್ದು ನನ್ನದು. ಅವಳ ಜಡೆ ಮೊಣಕಾಲಿಗೆ ಬರುತ್ತಿತ್ತು. ನನ್ನದು ಹೆಗಲು ದಾಟಲು ನಾಚುತ್ತಿತ್ತು. ಒಮ್ಮೆ ಅವಳಿಗೆ ಕಾಮಾಲೆ ಬಂದಾಗ ನನ್ನ ಕಣ್ಣನ್ನೂ ಕನ್ನಡಿಯಲ್ಲಿ ನೋಡಿಕೊಂಡು, ಹಳದಿಯಾಗಲಿಲ್ಲವಲ್ಲ ಎಂದು ಬೇಸರಪಟ್ಟಿದ್ದೇನೆ.

ಅರಿಷಡ್ವರ್ಗದಲ್ಲಿ ಮತ್ಸರಕ್ಕೆ ಕೊನೆಯ ಸ್ಥಾನ. ಕಾಮ ಮೊದಲು, ಕ್ರೋಧ ಆಮೇಲೆ, ಎಲ್ಲರದ್ದೂ ಮುಗಿದ ಮೇಲೆ ಮತ್ಸರ. ಆ ಪಟ್ಟಿ ಮಾಡಿದವರು ಖಂಡಿತ ಗಂಡಸರೇ ಇರಬೇಕು. ಒಂದೇ ಮನೆಯಲ್ಲಿ ಒಂದೇ ವಯಸ್ಸಿನ ಇಬ್ಬರು ಹುಡುಗಿಯರು ಬೆಳೆಯುವುದನ್ನು ಅವರು ನೋಡಿರಲಿಕ್ಕಿಲ್ಲ. ನೋಡಿದ್ದರೆ ಮತ್ಸರವನ್ನು ಮೊದಲ ಬೆಂಚಿನಲ್ಲಿ ಕೂರಿಸಿ, ಉಳಿದ ಐವರಿಗೆ ಅದರ ಹಿಂದೆ ಜಾಗ ಮಾಡಿಕೊಡುತ್ತಿದ್ದರು. ಇದನ್ನೆಲ್ಲ ನಾನು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ. ಸುಮಿತ್ರೆ ನನ್ನ ಪ್ರಬಂಧಗಳನ್ನು ಓದುವುದಿಲ್ಲ. ‘ಅದರಲ್ಲಿ ವಿಷಯವೇ ಇರುವುದಿಲ್ಲ’ ಎಂಬುದು ಅವಳ ಅಭಿಪ್ರಾಯ.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಾವಿಬ್ಬರೂ ಮೆಟ್ರಿಕ್ ಪಾಸಾದೆವು. (ಅವಳಿಗೆ ನನಗಿಂತ ಒಂಬತ್ತು ಅಂಕ ಹೆಚ್ಚು. ಕೇಳದಿದ್ದರೂ ಹೇಳಿಬಿಡುತ್ತೇನೆ.) ಕುಮಟೆಯ ಕಾಲೇಜಿಗೆ ಹೋಗುವುದೆಂದು ತೀರ್ಮಾನವಾಯಿತು. ನಮ್ಮ ಕೇರಿಯಿಂದ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದು ಅದೇ ಮೊದಲು. ಹುಡುಗಿಯರ ಹಾಸ್ಟೆಲಿನಿಂದ ಬಂದ ಅಚ್ಚಿನ ಪತ್ರವನ್ನು ಅಪ್ಪಯ್ಯ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದ. ಹಾಸಿಗೆ, ಸೊಳ್ಳೆಪರದೆ, ಚೊಂಬು, ತಟ್ಟೆ ತರಬೇಕು. ಕಾಲರಾ ಮತ್ತು ವಿಷಮಶೀತಜ್ವರದ ಇಂಜೆಕ್ಷನ್ ಬಂದ ಮೇಲೆ ಅಲ್ಲಿಯೇ ಕೊಡಿಸುತ್ತಾರೆ. ಆದರೆ ದೇವಿ ಹಾಕಿಸಿಕೊಂಡು ಅದು ಎದ್ದಿದೆ ಎಂಬ ಪ್ರಮಾಣಪತ್ರವನ್ನು ಊರಿನಿಂದಲೇ ತರಬೇಕು. ಪತ್ರವಿಲ್ಲದವರಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲ.

ಈಗಿನವರಿಗಾಗಿ ಒಂದು ಮಾತು. ಸಿಡುಬಿಗೆ ನಮ್ಮ ಕಡೆ ದೇವಿ ಎಂದೇ ಹೆಸರು. ಅದು ಬಾರದಿರಲೆಂದು ಚುಚ್ಚಿಸಿಕೊಳ್ಳುವುದಕ್ಕೆ ದೇವಿ ಹಾಕಿಸಿಕೊಳ್ಳುವುದು ಎನ್ನುತ್ತಿದ್ದೆವು. ಚುಚ್ಚಿದ ಜಾಗದಲ್ಲಿ ನಾಲ್ಕೈದು ದಿನಕ್ಕೆ ಗುಳ್ಳೆ ಏಳಬೇಕು, ನೀರು ತುಂಬಬೇಕು, ಜ್ವರ ಬರಬೇಕು, ಕೊನೆಗೆ ಹೆಕ್ಕಳೆ ಉದುರಿ ಕಲೆ ನಿಲ್ಲಬೇಕು. ಇಷ್ಟೆಲ್ಲ ಕಷ್ಟವಾದರೆ ಶುಭ. ಏನೂ ಆಗದೆ ತೋಳು ತಣ್ಣಗಿದ್ದರೆ ದೇವಿ ‘ಏಳಲಿಲ್ಲ’ ಎಂದರ್ಥ, ಮತ್ತೆ ಹಾಕಿಸಿಕೊಳ್ಳಬೇಕು. ಆರೋಗ್ಯವಾಗಿದ್ದರೆ ನಾಪಾಸು ಎನ್ನುವ ಪರೀಕ್ಷೆ ನಾನು ಕಂಡಂತೆ ಇದೊಂದೇ.

ಎಲ್ಲ ಮಕ್ಕಳಿಗೂ ತೊಟ್ಟಿಲಲ್ಲಿದ್ದಾಗಲೇ ಹಾಕುವ ದೇವಿ ನಮ್ಮಿಬ್ಬರಿಗೆ ಮಾತ್ರ ಹದಿನೇಳರವರೆಗೆ ಉಳಿದದ್ದು ಅಜ್ಜಿಯ ದೆಸೆಯಿಂದ. ದೇವಿ ಹಾಕುವವರು ಕೇರಿಗೆ ಬಂದರೆಂಬ ಸುದ್ದಿ ಸಿಕ್ಕಿದ ಕೂಡಲೇ ಅವಳು ನಮ್ಮಿಬ್ಬರನ್ನೂ ಎತ್ತಿಕೊಂಡು ಹೋಗಿ ಖಾಲಿ ಭತ್ತದ ಕಣಜದೊಳಗೆ ಇಳಿಸಿಬಿಡುತ್ತಿದ್ದಳಂತೆ. ಅಳಬಾರದೆಂದು ಇಬ್ಬರ ಕೈಗೂ ಒಂದೊಂದು ಬೆಲ್ಲದ ಉಂಡೆ. (ಉಂಡೆಗಳು ಸಮನಾಗಿದ್ದವೇ ಎಂದು ತಿಳಿಯುವ ಆಸೆ ನನಗೆ ಇನ್ನೂ ಇದೆ.) ದೊಡ್ಡವರಾದ ಮೇಲೆ, ಅವರು ಶಾಲೆಗೆ ಬರುವ ದಿನ ನಮಗಿಬ್ಬರಿಗೂ ಮನೆಯಲ್ಲೇ ರಜೆ. ಅಜ್ಜಿಯ ತರ್ಕ ಸರಳವಾಗಿತ್ತು.

“ಕರೀದೇ ಬರೂಳು ಅವಳು. ಅವಳ್ನ ಸೂಜಿ ಹಾಕಿ ಕರ್ಸೂದು ಎಂತಕೆ?”

ಅವಳನ್ನು ದೂರಲಾರೆ. ಅವಳ ಮೂರನೆಯ ಮಗು, ನಮ್ಮ ಅತ್ತೆಯಾಗಬೇಕಾಗಿದ್ದವಳು, ಆರು ವರ್ಷದವಳಿದ್ದಾಗ ಕರೆಯದೇ ಬಂದ ದೇವಿಯ ಜೊತೆ ಹೋಗಿಬಿಟ್ಟಿದ್ದಳು. ಅಂದಿನಿಂದ ಅಜ್ಜಿಗೆ ದೇವಿಯೆಂದರೆ ಭಯವೂ ಹೌದು, ಭಕ್ತಿಯೂ ಹೌದು. ಎರಡರಲ್ಲಿ ಯಾವುದು ಎಷ್ಟು ಎಂದು ಅವಳಿಗೇ ಹೇಳಲಾಗುತ್ತಿರಲಿಲ್ಲ.

ಆದರೆ ಕಾಲೇಜಿನ ಪತ್ರದ ಮುಂದೆ ಕಣಜ ನಡೆಯಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ದೇವಿ ಮಾಸ್ತರರು ಸೈಕಲ್ಲಿನ ಮೇಲೆ ಬಂದರು. ಊರೂರು ತಿರುಗಿ ದೇವಿ ಹಾಕುವುದೇ ಅವರ ಕೆಲಸ. ಶಾಲೆಗಳಿಗೂ ಬರುತ್ತಿದ್ದುದರಿಂದ ಮಾಸ್ತರರಾಗಿದ್ದರು. ಜಗಲಿಯಲ್ಲಿ ಚಾಪೆ ಹಾಸಿದ್ದಾಯಿತು. “ಯಾರು ಮೊದ್ಲು?” ಎಂದರು. ಯಾರು ಮೊದಲು ಎಂದು ನಿಮಗೆ ಹೇಳಬೇಕಾಗಿಲ್ಲ. ಸುಮಿತ್ರೆ ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಎಡತೋಳು ಚಾಚಿ, ಫೋಟೊ ತೆಗೆಸಿಕೊಳ್ಳುವವಳ ಹಾಗೆ ಕುಳಿತಳು. ಮಾಸ್ತರರು ಅವಳ ತೋಳಿಗೆ ನಾಲ್ಕು ಹನಿ ಲಸಿಕೆ ಹಾಕಿ, ಹಲ್ಲುಹಲ್ಲಿನ ಪುಟ್ಟ ಚಕ್ರವನ್ನು ಪ್ರತಿ ಹನಿಯ ಮೇಲೂ ಇಟ್ಟು ತಿರುಪಿದರು. ಅವಳು ಕಣ್ಣು ಮುಚ್ಚಿದಳು, ಕೂಗಲಿಲ್ಲ. ಆಮೇಲೆ ನನ್ನ ಸರದಿ. ನಾನು ಕೂಗಿದೆ.

“ಆತು, ಮುಗೀತು. ಒರೆಸ್ಬೇಡಿ, ನೀರು ತಾಗಿಸ್ಬೇಡಿ. ಎಂಟನೇ ದಿನ ಬಂದು ನೋಡ್ತೆ” ಎಂದು ಮಾಸ್ತರರು ಚೀಲ ಕಟ್ಟತೊಡಗಿದರು.

“ಏಳದೇ ಹೋದ್ರೆ ಎಂತ ಮಾಡೂದು?” ಅಪ್ಪಯ್ಯ ಕೇಳಿದ.

“ಮತ್ತೊಂದ್ಸಲ ಹಾಕೂದು, ಮತ್ತೆ ಎಂಟು ದಿನ ಕಾಯೂದು.”

ಅಪ್ಪಯ್ಯ ಬೆರಳು ಮಡಚಿ ದಿನಗಳನ್ನು ಲೆಕ್ಕ ಹಾಕಿದ. ಮತ್ತೆ ಎಂಟು ದಿನವೆಂದರೆ ಹಾಸ್ಟೆಲಿನ ಗಡುವು ದಾಟುತ್ತಿತ್ತು. “ಹಂಗಾದ್ರೆ ಎದ್ದವಳು ಈ ವರ್ಷ ಹೋಗ್ಲಿ, ಏಳದವಳು ಬಪ್ಪ ವರ್ಷ” ಎಂದು ತೀರ್ಪು ಕೊಟ್ಟು ಎಲೆಅಡಿಕೆಯ ಕವಳ ಹಾಕಲು ಒಳಗೆ ಹೋದ. ಬಪ್ಪ ವರ್ಷ! ಹನ್ನೊಂದು ದಿನದ ಹಿಂದುಳಿಕೆಯನ್ನೇ ಹದಿನೇಳು ವರ್ಷ ಅನುಭವಿಸಿದವಳು ನಾನು. ಇನ್ನು ಒಂದಿಡೀ ವರ್ಷ ಹಿಂದುಳಿದರೆ ಬದುಕಿ ಏನು ಪ್ರಯೋಜನ?

ಮಾಸ್ತರರ ಸೈಕಲ್ಲು ತಿರುವು ದಾಟುವ ಮೊದಲೇ ಅಜ್ಜಿ ನನ್ನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋದಳು. “ನೆತ್ರು ಬಂದದೆ, ಬಾ ಇಲ್ಲಿ” ಎಂದು ಹುಣಸೆಹುಳಿ ಹಾಕಿ ನನ್ನ ತೋಳನ್ನು ತಿಕ್ಕಿ ತೊಳೆದಳು. ತಾಮ್ರದ ಕೊಡಪಾನವನ್ನು ಹಬ್ಬದ ಮುನ್ನಾದಿನ ತೊಳೆಯುವ ಹಾಗೆ. ನೀರು ತಾಗಿಸಬಾರದಂತೆ ಎಂದರೆ, “ಅವರಿಗೆ ಎಂತ ಗೊತ್ತು” ಎಂದಳು. ಉರಿಯಿಂದ ನನಗೆ ಕಣ್ಣಲ್ಲಿ ನೀರು ಬಂತು. ತಿರುಗಿ ನೋಡಿದರೆ ಸುಮಿತ್ರೆ ಜಗಲಿಯ ಮೇಲೆ ಆರಾಮವಾಗಿ ಕುಳಿತು, ತೋಳಿಗೆ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವಳನ್ನು ಅಜ್ಜಿ ಕರೆಯಲಿಲ್ಲ. ಅವಳಿಗೆ ಸಿಂಹಾಸನ, ನನಗೆ ಹುಣಸೆಹುಳಿ ಎಂದುಕೊಂಡೆ. ಆ ಕ್ಷಣದ ಕಿಚ್ಚಿನಲ್ಲಿ ಒಂದು ಹಂಡೆ ನೀರು ಕಾಯಿಸಬಹುದಿತ್ತು.

ನಾಲ್ಕನೆಯ ದಿನ ಸುಮಿತ್ರೆಯ ತೋಳು ಕೆಂಪಗಾಯಿತು. ಐದನೆಯ ದಿನ ನಾಲ್ಕು ಗುಳ್ಳೆಗಳು ಎದ್ದವು. ದುಂಡಗೆ, ಮುತ್ತಿನ ಹಾಗೆ, ನಡುವೆ ಒಂದು ಸಣ್ಣ ಗುಳಿ. ಜ್ವರವೂ ಬಂತು. ಅಷ್ಟಾದದ್ದೇ ತಡ, ಅಜ್ಜಿ ಪೂರ್ತಿ ಬದಲಾದಳು. ಸೂಜಿಯಿಂದ ಕರೆಸಿದರೇನು, ಬಂದವಳು ದೇವಿಯೇ ತಾನೆ? ಬಂದ ಮೇಲೆ ಮರ್ಯಾದೆ ಕಡಿಮೆಯಾಗಬಾರದು. ನಡುಕೋಣೆಯಲ್ಲಿ ಚಾಪೆ ಹಾಸಿ ತಲೆದೆಸೆಗೆ ಬೇವಿನ ಸೊಪ್ಪು ಇಟ್ಟಳು. ಬೆಳಿಗ್ಗೆ ಒಂದು ಎಳನೀರು. ಸಂಜೆ ಸುಮಿತ್ರೆಯ ತೋಳಿಗೆ ಆರತಿ! ಸುಮಿತ್ರೆಗಲ್ಲ, ತೋಳಿಗೆ. ಆದರೆ ತೋಳು ಸುಮಿತ್ರೆಗೆ ಅಂಟಿಕೊಂಡಿತ್ತಾದ್ದರಿಂದ ಪೂಜೆಯ ಲಾಭವೆಲ್ಲ ಅವಳಿಗೇ ಹೋಯಿತು.

ನಷ್ಟ ಮಾತ್ರ ಮನೆಗೆಲ್ಲ ಹಂಚಿಕೆಯಾಯಿತು. ದೇವಿ ಇರುವ ಮನೆಯಲ್ಲಿ ಒಗ್ಗರಣೆಯ ಚುಂಯ್ ಎಂಬ ಸದ್ದು ಆಗಕೂಡದು, ಕರಿಯಕೂಡದು, ಮೀನಂತೂ ಹೊಸಿಲು ದಾಟಕೂಡದು. ಮಳೆಗಾಲಕ್ಕೆ ಮುಂಚಿನ ಕೊನೆಯ ಬಂಗಡೆಗಳು ನಮ್ಮ ಮನೆಯ ಮುಂದೆಯೇ ಬುಟ್ಟಿಯಲ್ಲಿ ಹಾದುಹೋದವು. ನಾನು ಬಾಗಿಲಲ್ಲಿ ನಿಂತು ಅವುಗಳಿಗೆ ವಿದಾಯ ಹೇಳಿದೆ. ಸುಮಿತ್ರೆಯ ದೇವಿಗಾಗಿ ನಾನು ಸಪ್ಪೆ ಗಂಜಿ ಉಣ್ಣಬೇಕು! ಅಕ್ಕಪಕ್ಕದವರು ಮಲ್ಲಿಗೆ, ಎಳನೀರು ಹಿಡಿದುಕೊಂಡು ನೋಡಲು ಬಂದರು, ದೂರದಿಂದ ಕೈಮುಗಿದರು. ಅವಳು ಕಣ್ಣು ಅರೆ ಮುಚ್ಚಿಕೊಂಡು ತಲೆಯಾಡಿಸುವುದನ್ನು ಕಲಿತಳು. “ಸೆಕೆ” ಎಂದರೆ ದೊಡ್ಡಮ್ಮ ಗಾಳಿ ಹಾಕುತ್ತಿದ್ದಳು. ನನಗೆ ಹದಿನೇಳು ವರ್ಷ ಶಿರಾಲಿಯಲ್ಲಿ ಸೆಕೆಯಾಗಿದೆ, ಯಾರೂ ಬೀಸಣಿಗೆ ಮುಟ್ಟಿಲ್ಲ.

ಮತ್ತು ನನ್ನ ತೋಳು? ನಾಲ್ಕು ಚುಕ್ಕೆ. ಇರುವೆ ಕಚ್ಚಿದ್ದರೂ ಅದಕ್ಕಿಂತ ಹೆಚ್ಚು ಏಳುತ್ತಿತ್ತು. ಗಳಿಗೆಗೊಮ್ಮೆ ತೋಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಒತ್ತುತ್ತಿದ್ದೆ, ‘ಏಳೇ ತಾಯಿ’ ಎಂದು ಬೇಡುತ್ತಿದ್ದೆ. ಬಿಸಿಲಿಗೆ ಹಿಡಿದರೆ ಎದ್ದೀತೆಂದು ಅಂಗಳದಲ್ಲಿ ನಿಂತೆ. ಚುಕ್ಕೆಗಳು ಇನ್ನಷ್ಟು ಒಣಗಿದವು. ದೇವಿಗೂ ಸುಮಿತ್ರೆಯ ತೋಳೇ ಬೇಕಾಯಿತಲ್ಲ!

ಆರನೆಯ ದಿನ ಮಧ್ಯಾಹ್ನ ಹಿತ್ತಿಲಿನ ಗುಡ್ಡದ ಬುಡದಲ್ಲಿ ಗೇರುಬೀಜ ಸುಡುತ್ತಿದ್ದರು. ನಮ್ಮ ಕಡೆಯ ಮಕ್ಕಳಿಗೆ ಗೇರಿನ ಸೊನೆಯ ಪರಿಚಯ ಅಕ್ಷರದ ಪರಿಚಯಕ್ಕಿಂತ ಮೊದಲೇ ಆಗಿರುತ್ತದೆ. ಹಸಿ ಬೀಜದ ಸಿಪ್ಪೆಯಲ್ಲಿರುವ ಆ ಎಣ್ಣೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಒಣಗಿ ಹೆಕ್ಕಳೆಯಾಗುತ್ತದೆ, ಉದುರಿದ ಮೇಲೂ ಕಲೆ ಬಹುಕಾಲ ಉಳಿಯುತ್ತದೆ. ಗೇರುಬೀಜ ಕದ್ದು ತಿಂದ ಮಕ್ಕಳನ್ನು ತುಟಿ ನೋಡಿಯೇ ಹಿಡಿಯುತ್ತಾರೆ. ನಾನು ಸುಡುವ ಜಾಗದಲ್ಲಿ ನಿಂತು ನೋಡುತ್ತಿದ್ದೆ. ಬೊಬ್ಬೆ, ಹೆಕ್ಕಳೆ, ಕಲೆ. ದೇವಿಯ ಪಾಠವೂ ಇದೇ ಅಲ್ಲವೇ?

ಮುಂದಿನದನ್ನು ನೀವು ಊಹಿಸಿದ್ದೀರಿ. ಹುಲಿಯನ್ನು ಕಂಡು ನರಿ ಮೈ ಸುಟ್ಟುಕೊಂಡಿತು ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಹತ್ತಕ್ಕೆ ಏಳು ಅಂಕ ಪಡೆದವಳು ನಾನು. (ಸುಮಿತ್ರೆಗೆ ಎಂಟು.) ಗಾದೆ ಗೊತ್ತಿದ್ದರೆ ನರಿ ಸುಟ್ಟುಕೊಳ್ಳುವುದನ್ನು ಬಿಡುತ್ತದೆಯೇ? ಮರದ ಹಿಂದೆ ಕುಳಿತು, ಹಸಿ ಬೀಜ ಒಡೆದು, ಕಡ್ಡಿಯ ತುದಿಗೆ ಸೊನೆ ತಾಗಿಸಿ, ಮಾಸ್ತರರು ಹಾಕಿದ ನಾಲ್ಕು ಚುಕ್ಕೆಗಳ ಮೇಲೂ ಜೋಪಾನವಾಗಿ ಇಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಆದ ಉರಿಯನ್ನು ವರ್ಣಿಸುವುದಿಲ್ಲ. ಹಲ್ಲು ಕಚ್ಚಿಕೊಂಡೆ. ಈ ಸಲ ನಾನೂ ಕೂಗಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ನನ್ನ ತೋಳಿನಲ್ಲಿ ನಾಲ್ಕು ಬೊಬ್ಬೆಗಳು ವೈಭವದಿಂದ ಕುಳಿತಿದ್ದವು. ಸುಮಿತ್ರೆಯವಕ್ಕಿಂತ ದೊಡ್ಡವು. ನಾನು ನೇರ ಅಜ್ಜಿಯ ಮುಂದೆ ಹೋಗಿ ತೋಳು ಚಾಚಿದೆ. ಅಜ್ಜಿ ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. ನೋಡಿ, ನನಗೂ ದೇವಿ ಬಂದದ್ದನ್ನು ಕಂಡು ಇವಳಿಗೆ ಸಂತೋಷವಿಲ್ಲ, ಸುಮಿತ್ರೆ ಒಬ್ಬಳಿಗೇ ಬರಬೇಕಿತ್ತು ಎಂದುಕೊಂಡೆ. ಅಷ್ಟರಲ್ಲಿ ಅಜ್ಜಿ ನನ್ನ ಕಾಲಬುಡದಲ್ಲಿ ಉದ್ದಂಡ ಬಿದ್ದುಬಿಟ್ಟಳು.

“ತಪ್ಪಾತು ತಾಯೀ, ತಪ್ಪಾತು. ಹುಡ್ಗಿ ಮೇಲೆ ಸಿಟ್ಟು ಮಾಡ್ಬೇಡ.”

ಹದಿನೇಳು ವರ್ಷದ ಮೇಲೆ ನನಗೂ ಮರ್ಯಾದೆ ಸಿಕ್ಕಿತು. ಯಾವ ತಪ್ಪು ಎಂದು ಕೇಳುವ ವ್ಯವಧಾನ ನನಗೆಲ್ಲಿತ್ತು? ನಡುಕೋಣೆಯಲ್ಲಿ ಎರಡನೆಯ ಚಾಪೆ ಬಂತು. ಬೇವು ಬಂತು. ಎಳನೀರು ಬೆಳಿಗ್ಗೆ ಒಂದು, ಸಂಜೆ ಒಂದು. ಸುಮಿತ್ರೆಗೆ ದಿನಕ್ಕೆ ಒಂದೇ ಇದ್ದದ್ದು! ನನ್ನ ಪಕ್ಕದ ಚಾಪೆಯ ಮೇಲೆ ಅವಳು ಸುಮ್ಮನೆ ನನ್ನ ತೋಳನ್ನೇ ನೋಡುತ್ತಿದ್ದಳು. ನೋಡಲಿ, ಇವತ್ತು ಅವಳ ಸರದಿ ಎಂದು ನಾನು ಎಳನೀರನ್ನು ಸದ್ದು ಮಾಡಿ ಕುಡಿದೆ. ಮಾಸ್ತರರು ಬಂದಾಗ ಅಜ್ಜಿ ಅವರನ್ನು ಹೊಸಿಲಿನಾಚೆಯೇ ನಿಲ್ಲಿಸಿದಳು. “ಮುಟ್ಟೂದು ಗಿಟ್ಟೂದು ಬೇಡ, ಅಲ್ಲಿಂದ್ಲೇ ನೋಡಿ.” ಹೊರಗಿನ ಬಿಸಿಲಿನಿಂದ ಬಂದ ಅವರ ಕಣ್ಣಿಗೆ ಒಳಗಿನ ಕತ್ತಲೆಯಲ್ಲಿ ಎರಡು ತೋಳು, ಎಂಟು ಗುಳ್ಳೆ ಕಂಡಿರಬೇಕು. ಎರಡು ಪ್ರಮಾಣಪತ್ರ ಬರೆದುಕೊಟ್ಟು ಹೊರಟರು.

ಜೂನಿನಲ್ಲಿ ಕುಮಟೆಗೆ ಹೊರಟೆವು. ಪ್ರತಿಯೊಬ್ಬರ ಟ್ರಂಕಿನಲ್ಲೂ ಅಜ್ಜಿ ಒಂದು ದವಾಖಾನೆ ತುಂಬಿದ್ದಳು. ಹೊಟ್ಟೆನೋವಿಗೆ ಓಮ, ಕೆಮ್ಮಿಗೆ ಕಾಳುಮೆಣಸು, ನೆಗಡಿಗೆ ಒಣಶುಂಠಿ, ಒಡೆದ ತುಟಿಗೆ ಮುರುಗಲ ತುಪ್ಪದ ಉಂಡೆ, ದೃಷ್ಟಿಗೆ ಕಪ್ಪು ದಾರ. ಹೊಳೆಯ ಈಚೆ ದಡದ ಕಾಸರಕೋಡಿನ ತನಕ ಬಸ್ಸು, ಶರಾವತಿಗೆ ದೋಣಿ, ಹೊನ್ನಾವರದಿಂದ ಮತ್ತೆ ಬಸ್ಸು. ದೋಣಿಯಲ್ಲಿ ಟ್ರಂಕಿನ ಮೇಲೆ ಕುಳಿತಾಗ ನನ್ನ ಟ್ರಂಕು ಸುಮಿತ್ರೆಯದಕ್ಕಿಂತ ಭಾರವಿದೆ ಎಂದು ಅಂಬಿಗ ಗೊಣಗಿದ. ನನಗೆ ಹಿತವಾಯಿತು.

ಹಾಸ್ಟೆಲೆಂದರೆ ಹುಡುಗಿಯರಿಗಾಗಿ ಹಿಡಿದ ಒಂದು ಹೆಂಚಿನ ಮನೆ, ನಾವು ಹನ್ನೆರಡು ಮಂದಿ, ನೋಡಿಕೊಳ್ಳಲು ಒಬ್ಬ ವಿಧವೆ, ಅವರನ್ನು ಎಲ್ಲರೂ ಬಾಯಿಯವರು ಎನ್ನುತ್ತಿದ್ದರು. ಮೊದಲ ವಾರದಲ್ಲೇ ಕಾಲರಾ ಇಂಜೆಕ್ಷನ್ ಆಯಿತು. ಎಲ್ಲರ ತೋಳೂ ಒಂದೇ ಪ್ರಮಾಣದಲ್ಲಿ ಬಾತುಕೊಂಡದ್ದರಿಂದ ಅಲ್ಲಿ ಮತ್ಸರಕ್ಕೆ ಅವಕಾಶವಿರಲಿಲ್ಲ. ಗೇರಿನ ಸಂಗತಿ ನನಗೆ ಮರೆತೇ ಹೋಗಿತ್ತು. ಜನವರಿಯಲ್ಲಿ ನೆನಪಾಯಿತು.

ಹೊಳೆಯಂಚಿನ ಒಂದು ಕೇರಿಯಲ್ಲಿ ಸಿಡುಬು ಕಾಣಿಸಿಕೊಂಡಿದೆ ಎಂಬ ಸುದ್ದಿ ಬಂತು. ಎರಡು ದಿನ ಬಿಟ್ಟು ನಮಗೆ ಹಾಲು ತರುತ್ತಿದ್ದ ಹೆಂಗಸು ಬರಲಿಲ್ಲ. ಅವಳ ಮನೆಯಲ್ಲೇ ಬಂದಿದೆ ಎಂದರು. ಬಾಯಿಯವರು ಎಲ್ಲರನ್ನೂ ಕೂಡಿಸಿ, “ನಿಮ್ಮೆಲ್ಲರ ಸರ್ಟಿಫಿಕೇಟು ಇದ್ದದೆ, ಹೆದರೂ ಕಾರಣ ಇಲ್ಲ” ಎಂದರು. ಹನ್ನೊಂದು ಮಂದಿ ಹೆದರಲಿಲ್ಲ.

ನನ್ನ ಹಣೆ ಮುಟ್ಟಿಕೊಂಡರೆ ಬಿಸಿ ಎನಿಸುತ್ತಿತ್ತು. ಬೆನ್ನು ನೋಯುತ್ತಿತ್ತು. ಆ ಹೆಂಗಸಿನ ಕೈಯಿಂದ ಹಾಲಿನ ಪಾತ್ರೆ ಈಸಿಕೊಂಡವಳು ನಾನೇ. ನೋಡಿಯೇ ಇರದ ಆರು ವರ್ಷದ ಆ ಅತ್ತೆ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದಳು. ಪಕ್ಕದಲ್ಲಿ ಸುಮಿತ್ರೆ ತೋಳನ್ನು ತಲೆಯಡಿಗೆ ಇಟ್ಟುಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದಳು. ಆ ತೋಳಿನ ಮೇಲೆ ನಾಲ್ಕು ನಿಜವಾದ ಕಲೆಗಳು. ನಾನು ಜನ್ಮದಲ್ಲಿ ಪಟ್ಟ ಎಲ್ಲ ಹೊಟ್ಟೆಕಿಚ್ಚುಗಳಲ್ಲಿ ಇದೇ ದೊಡ್ಡದು. ಜಡೆ, ಅಂಕ, ಮಾವಿನಹಣ್ಣು ಎಲ್ಲ ಅವಳೇ ಇಟ್ಟುಕೊಳ್ಳಲಿ, ಆ ನಾಲ್ಕು ಕಲೆ ನನಗೆ ಕೊಡು ದೇವರೇ ಎಂದು ಬೇಡಿದೆ. ನಿಜ ಹೇಳಿದರೆ ಹಾಸ್ಟೆಲಿನಿಂದ ಹೊರಗೆ, ಹೇಳದಿದ್ದರೆ ಲೋಕದಿಂದಲೇ ಹೊರಗೆ. ಎರಡರ ನಡುವೆ ಮೂರು ದಿನ ಕಳೆದೆ.

ನಾಲ್ಕನೆಯ ದಿನ ದವಾಖಾನೆಯಿಂದ ಲೇಡಿ ಡಾಕ್ಟರು ಬಂದರು. ಪ್ರಮಾಣಪತ್ರವನ್ನು ಅವರು ನಂಬುವವರಲ್ಲ, ತೋಳು ನೋಡುವವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಹೇಳುವ ಮೊದಲೇ ತೋಳು ಮುಚ್ಚಿಕೊಂಡೆ. ಸರದಿ ಬಂತು. ಅವರು ನನ್ನ ತೋಳನ್ನು ಕಿಟಕಿಯ ಕಡೆಗೆ ತಿರುಗಿಸಿದರು. ಕಲೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಕೊಂಕಣಿ ಮನೆಮಾತಿನವರು, ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ, “ಹೀ ದೇವಿ ನ್ಹಯ್ ಗೋ, ಕಾಜು!” ಎಂದರು. ಇದು ದೇವಿಯಲ್ಲವೇ ಹುಡುಗಿ, ಗೇರು! “ನಮ್ಮ ಹಿತ್ಲಲ್ಲೂ ಗೇರಿನ ಮರ ಉಂಟು. ಸಣ್ಣವಳಿದ್ದಾಗ ನಾನೂ ಸುಟ್ಕೊಂಡಿದ್ದೆ. ಆದ್ರೆ ಸರಿಯಾಗಿ ನಾಲ್ಕು ಕಡೆ ಅಲ್ಲ.”

ನಾನು ಅತ್ತುಬಿಟ್ಟೆ. ಹೇಳಿದೆ. ಅವರು ಬೈಯಲಿಲ್ಲ, ಬಾಯಿಯವರನ್ನು ಕರೆಯಲೂ ಇಲ್ಲ. “ಬಲ ತೋಳು ಕೊಡು” ಎಂದು ಅಲ್ಲೇ ನಾಲ್ಕು ಕಡೆ ಚಕ್ರ ತಿರುಪಿದರು. “ಈ ಸಲ ಕಲೆ ದೇವಿಯೇ ಮಾಡ್ಲಿ” ಎಂದರು.

ದೇವಿ ಮಾಡಿದಳು. ಐದನೆಯ ದಿನಕ್ಕೆ ಕಂಕುಳು ಬಾತು, ಜ್ವರ ಏರಿ, ತೋಳು ಕೊರಡಿನಂತಾಯಿತು. ಹದಿನೇಳು ವರ್ಷದ ಮೈಗೆ ಮೊದಲ ಸಲ ದೇವಿ ಎದ್ದರೆ ಏನಾಗುತ್ತದೆ ಎಂದು ಆಗ ತಿಳಿಯಿತು. ಇದರ ಮೇಲೆಯೇ ನಾನು ಕಿಚ್ಚುಪಟ್ಟದ್ದು! ಇಲ್ಲಿ ಆರತಿಯಿಲ್ಲ, ಎಳನೀರಿಲ್ಲ. ಅಡಿಗೆಮನೆಯಲ್ಲಿ ಹನ್ನೊಂದು ಮಂದಿಗೆ ಚುಂಯ್ ಎಂದು ಒಗ್ಗರಣೆ ಹಾಕುತ್ತಿದ್ದರು. ಸುಮಿತ್ರೆ ಕಾಲೇಜಿಗೆ ಮೂರು ದಿನ ಚಕ್ಕರ್ ಹೊಡೆದು ನನ್ನ ಬಳಿ ಕುಳಿತಳು. ಒದ್ದೆ ಬಟ್ಟೆ ಹಣೆಗಿಟ್ಟಳು, ಬೀಸಣಿಗೆಯಿಂದ ಗಾಳಿ ಹಾಕಿದಳು.

“ನಂಗೆ ಆಗ್ಲೇ ಗೊತ್ತಿತ್ತು” ಎಂದಳು ಮೂರನೆಯ ದಿನ. “ನಿನ್ನ ಲಂಗದಲ್ಲಿ ಗೇರಿನ ಹೊಗೆ ವಾಸ್ನೆ ಇತ್ತು.”

“ಮತ್ತೆ ಎಂತಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿನ್ನ ಕಳಿಸ್ತಿದ್ರನೆ? ನೀ ಇಲ್ದೆ ನಾ ಒಬ್ಳೇ ಇಲ್ಲಿ ಎಂತ ಮಾಡೂದು?” ಆಮೇಲೆ ದನಿ ತಗ್ಗಿಸಿ, “ಹಾಲಿನೋಳ ಸುದ್ದಿ ಬಂದಾಗಿಂದ ನಂಗೆ ಊಟ ಸೇರ್ಲಿಲ್ಲ. ಡಾಕ್ಟ್ರನ್ನ ಕರ್ಸಿದ್ದು ನಾನೇ” ಎಂದಳು.

ಉದಾರತೆಯಲ್ಲೂ ನನಗಿಂತ ಮುಂದೆ! ಆ ಜ್ವರದಲ್ಲೂ ನನಗೆ ಅಷ್ಟು ಕಿಚ್ಚಾಯಿತೆಂದರೆ ನೀವು ನಂಬಬೇಕು. ಅವಳ ಕೈ ಹಿಡಿದುಕೊಂಡೇ ನಿದ್ದೆ ಮಾಡಿದೆ ಎಂಬುದನ್ನೂ ನಂಬಬೇಕು.

ಬೇಸಿಗೆ ರಜೆಗೆ ಊರಿಗೆ ಹೋದಾಗ ಅಜ್ಜಿ ಬಾವಿಕಟ್ಟೆಯಲ್ಲಿ ಹುಣಸೆಹುಳಿ ಹಾಕಿ ಕೊಡಪಾನ ತೊಳೆಯುತ್ತಿದ್ದಳು. ಎರಡು ತೋಳುಗಳನ್ನೂ ತೋರಿಸಿ ಎಲ್ಲವನ್ನೂ ಹೇಳಿದೆ. ಗೇರಿನ ಮಾತು ಬಂದಾಗ ಅವಳು ತೊಳೆಯುವುದನ್ನು ನಿಲ್ಲಿಸಿದಳು. ಬೈಗುಳಕ್ಕೆ ಕಾದೆ. ಅವಳು ದೊಡ್ಡದೊಂದು ಉಸಿರು ಬಿಟ್ಟಳು.

“ಹಂಗಾದ್ರೆ ಅದು ಅವಳ ಸಿಟ್ಟಲ್ಲ. ಹನ್ನೊಂದು ತಿಂಗ್ಳು ನಾ ನಿದ್ದೆ ಮಾಡ್ಲಿಲ್ಲ ವಿಮಲಿ. ನಾ ತೊಳ್ದು ಕಳಿಸಿದವಳು ತಿರುಗಿ ಬಂದು ಕೂತ್ಳು ಅಂದ್ಕಂಡಿದ್ದೆ.”

ಅವಳ ಮುಂದಿದ್ದ ಹುಣಸೆಹುಳಿಯನ್ನು ನೋಡಿದೆ. ಆಗ ಅರ್ಥವಾಯಿತು. ನನ್ನ ದೇವಿ ಏಳದೇ ಹೋದದ್ದು ಯಾಕೆಂದು.

“ಸುಮಿತ್ರಿ ಕೈ ಎಂತಕೆ ತೊಳೀಲಿಲ್ಲ?”

ಅಜ್ಜಿ ಮನೆಯ ಕಡೆ ಒಮ್ಮೆ ನೋಡಿದಳು. ಜಗಲಿಯಲ್ಲಿ ಸುಮಿತ್ರೆ ಉದ್ದ ಜಡೆ ಬಿಚ್ಚಿ ಬಾಚಿಕೊಳ್ಳುತ್ತಿದ್ದಳು.

“ಅವಳು ಗಟ್ಟಿ. ತಡ್ಕಂತಾಳೆ. ನೀನು...” ಎಂದು ನಿಲ್ಲಿಸಿ, ಕೊಡಪಾನವನ್ನು ಮತ್ತೆ ತಿಕ್ಕತೊಡಗಿದಳು. “ನಿನ್ನ ದೇವಿಗೆ ಕೊಡೂಕೆ ನಂಗೆ ಮನಸ್ಸಾಗ್ಲಿಲ್ಲ. ಸುಮಿತ್ರಿ ಹತ್ರ ಹೇಳ್ಬೇಡ.”

ಹದಿನೇಳು ವರ್ಷ ನಾನು ತಕ್ಕಡಿಯನ್ನು ತಲೆಕೆಳಗಾಗಿ ಹಿಡಿದಿದ್ದೆ. ಮೊದಲು ಸಿಟ್ಟು ಬಂತು, ನನ್ನನ್ನು ಸಾವಿನ ಬಾಗಿಲವರೆಗೆ ಕಳಿಸಿದ ಪ್ರೀತಿ ಇದು ಎಂದು. ಆಮೇಲೆ ಗೆದ್ದೆನೆಂಬ ಒಂದು ಸಣ್ಣ ಹಿಗ್ಗು ಬಂತು, ಸುಳ್ಳೇಕೆ ಹೇಳಲಿ. ಆದರೆ ಜಗಲಿಯಲ್ಲಿ ತಲೆ ಬಾಚುತ್ತಿದ್ದವಳನ್ನು ನೋಡಿದಾಗ ಆ ಹಿಗ್ಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಜ್ಜಿಗೆ ಆತು ಎಂದು ತಲೆಯಾಡಿಸಿದೆ.

ಸುಮಿತ್ರೆ ಈಗ ಹೊನ್ನಾವರದಲ್ಲಿದ್ದಾಳೆ, ಹೆಡ್‌ಮಾಸ್ತರಿಣಿಯಾಗಿ ನಿವೃತ್ತಳು. ಜಡೆ ಈಗಲೂ ನನ್ನದಕ್ಕಿಂತ ಉದ್ದ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ನಾವಿಬ್ಬರೂ ಸೇರಿದಾಗ ಅವಳು ತನ್ನ ಮೊಮ್ಮಕ್ಕಳಿಗೆ ಎಡತೋಳಿನ ನಾಲ್ಕು ಕಲೆಗಳನ್ನು ತೋರಿಸಿ ಆ ಕಥೆಯನ್ನು ತಪ್ಪದೇ ಹೇಳುತ್ತಾಳೆ. ಚಾಪೆ, ಬೇವು, ಎಳನೀರು, ಆರತಿ. ಕೊನೆಗೆ ನನ್ನ ಕಡೆ ತಿರುಗಿ, “ಅಜ್ಜಿಗೆ ನಾ ಅಂದ್ರೆ ಪ್ರಾಣ ಆಗಿತ್ತು, ಅಲ್ದನೆ?” ಎನ್ನುತ್ತಾಳೆ.

“ಹೌದೇ” ಎನ್ನುತ್ತೇನೆ. “ನಂಗೆ ಎಷ್ಟು ಹೊಟ್ಟೆಕಿಚ್ಚು ಆಗಿತ್ತು ಗೊತ್ತನೆ ನಿಂಗೆ?”

ಅವಳ ಮುಖ ಅರಳುತ್ತದೆ. ನಾನು ಸೆರಗನ್ನು ಎರಡೂ ತೋಳುಗಳ ಮೇಲೆ ಎಳೆದುಕೊಂಡು, ಅವಳು ಕೊಟ್ಟ ಚಹಾ ಕುಡಿಯುತ್ತೇನೆ.